ಮೊರಕ್ಕೆ ಇಪ್ಪತ್ತು ಹುಳು

ಮೊದಲಿಗೆ ಓದುಗರ ಕ್ಷಮೆ ಕೇಳುತ್ತೇನೆ. ನಾನು ಬರೆದು ಪಳಗಿದವಳಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಇದುವರೆಗೆ ಬರೆದದ್ದೆಂದರೆ ಪರೀಕ್ಷೆಯ ಉತ್ತರಗಳು, ಆಮೇಲೆ ಕೆಲಸದ ಭೇಟಿ ವರದಿಗಳು. ಆದ್ದರಿಂದ ಈ ಬರಹಕ್ಕೆ ಅಲ್ಲಲ್ಲಿ ವರದಿಯ ವಾಸನೆ ಹತ್ತಿದ್ದರೆ, ಅಥವಾ ಬೇಕಾದದ್ದಕ್ಕಿಂತ ಹೆಚ್ಚು ವಿವರ ಸೇರಿಕೊಂಡಿದ್ದರೆ, ಅದು ನನ್ನ ಕೊರತೆ. ಸಂಗತಿಗಳಲ್ಲಿ ಮಾತ್ರ ತಪ್ಪಾಗಬಾರದೆಂದು ಇದನ್ನು ಅತ್ತಿಗೆಗೆ ಓದಿ ಹೇಳಿದೆ. ಅವರು ಎರಡು ಕಡೆ ತಿದ್ದಿಸಿದರು.

ಕೋಲಾರದ ಹತ್ತಿರದ ಒಂದು ಚಾಕಿ ಕೇಂದ್ರದಲ್ಲಿ ನನ್ನ ಕೆಲಸ. ರೇಷ್ಮೆ ಮೊಟ್ಟೆಯಿಂದ ಹೊರಬಂದ ಮರಿಹುಳುಗಳನ್ನು ಎರಡನೇ ಜ್ವರ ದಾಟುವವರೆಗೆ ಸಾಕಿ ರೈತರಿಗೆ ಕೊಡುವುದು ನಮ್ಮ ಕೇಂದ್ರದ ಕಾರ್ಯ. ಹುಳು ಪೊರೆ ಬಿಡುವ ಮುನ್ನ ಮೇವು ಬಿಟ್ಟು ತಲೆಯೆತ್ತಿ ಸುಮ್ಮನೆ ಕೂರುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳು ಒಯ್ದ ರೈತರ ಬೆಳೆ ಕೆಟ್ಟರೆ ಅವರ ಮನೆಗೆ ಹೋಗಿ, ದೋಷ ನಮ್ಮ ಚಾಕಿಯದೋ ಸಾಕಿದ ಮನೆಯದೋ ಎಂದು ನೋಡಿ ವರದಿ ಬರೆಯಬೇಕು. ಈ ಘಟನೆಯವರೆಗೆ ನಾನು ಹಿರಿಯ ತಾಂತ್ರಿಕರ ಹಿಂದೆ ಚೀಲ ಹಿಡಿದು ಹೋಗುತ್ತಿದ್ದೆ. ನಾನೊಬ್ಬಳೇ ಹೋದ ಮೊದಲ ಭೇಟಿ, ವಿಧಿಯೋ ಏನೋ, ನಮ್ಮ ಮನೆಗೇ ಆಯಿತು.

ನಮ್ಮ ಊರು ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿನ ಕಡೆ. ಸುತ್ತ ಮಾವಿನ ತೋಪುಗಳು, ನಡುವೆ ನಮ್ಮ ಒಂದೂವರೆ ಎಕರೆ ಹಿಪ್ಪುನೇರಳೆ, ಎರಡು ಹಸು. ಅಣ್ಣ ವೇಮಗಲ್‌ನ ಒಂದು ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಾನೆ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಅವನಿಗೆ ಮದುವೆಯಾಗಿ ಆಗಷ್ಟೇ ಮೂರು ತಿಂಗಳಾಗಿತ್ತು. ಅತ್ತಿಗೆ ಮುಳಬಾಗಿಲಿನಿಂದಾಚೆ, ಗಡಿಯ ಊರಿನವರು. ಅವರ ತೌರಿನಲ್ಲಿ ಮನೆಮಾತು ತೆಲುಗು. ಅವರು ಬಂದ ಮೇಲೆ ಮನೆಯಲ್ಲಿ ಮೊದಲ ಸಲ ಸಾಕಿದ ಹುಳು ನಾಲ್ಕನೇ ಜ್ವರ ಎದ್ದ ಮೂರನೇ ದಿನಕ್ಕೆ ಸತ್ತಿತು. ಎರಡನೆಯ ಬೆಳೆಯೂ ಅದೇ ದಿನಕ್ಕೆ ಹಾಗೇ ಸಾಯತೊಡಗಿದಾಗ ಅಮ್ಮ ನನಗೆ ಫೋನು ಮಾಡಿದರು.

"ಬಾರೇ, ಬಂದು ನೋಡು. ನಿಮ್ ಸೆಂಟರಿನ ಹುಳಾನೇ ಸರಿ ಇಲ್ವೋ, ಇಲ್ಲಾ ನಮ್ಮನೆಗೆ ಬಂದಿರೋ ಕಾಲೇ ಸರಿ ಇಲ್ವೋ."

ಶುಕ್ರವಾರ ಬೆಳಿಗ್ಗೆ ಹೋದೆ. ಹುಳುಮನೆಯ ಬಾಗಿಲಲ್ಲಿ ಅಮ್ಮ ನನ್ನನ್ನೂ ತಡೆದು, ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿಸಿ, ಕೈ ತೊಳೆಸಿಯೇ ಒಳಗೆ ಬಿಟ್ಟರು. ಅಗರಬತ್ತಿ ಹಚ್ಚಿದ ಕೈಯಲ್ಲಿ ಹುಳು ಮುಟ್ಟಬಾರದು, ಜ್ವರಕ್ಕೆ ಕೂತಾಗ ಸುಣ್ಣ ಉದುರಿಸಬೇಕು, ಒಳಗೆ ಹೋಗಲು ಚಪ್ಪಲಿಯೇ ಬೇರೆ. ಇದನ್ನೆಲ್ಲ ಅಮ್ಮ ಶಾಸ್ತ್ರ ಎನ್ನುತ್ತಾರೆ, ತಮ್ಮ ಅತ್ತೆಯ ಕಾಲದ್ದು ಎನ್ನುತ್ತಾರೆ. ಕಾಲೇಜಿನಲ್ಲಿ ಸೋಂಕು ನಿವಾರಣೆಯ ಪಾಠ ಕೇಳುವಾಗ ಒಂದೊಂದು ಅಂಶಕ್ಕೂ ನನಗೆ ಅಮ್ಮನ ದನಿ ಕೇಳಿಸಿತ್ತು. ಅದೇ ಶಾಸ್ತ್ರದ ಪಟ್ಟಿಗೆ ಈಗ ಒಂದು ಹೊಸದು ಸೇರಿತ್ತು. ಸೊಸೆ ಹುಳುಮನೆಯೊಳಗೆ ಕಾಲಿಡಬಾರದು. ತೋಟದಿಂದ ಸೊಪ್ಪು ಹೊತ್ತು ತಂದು ಸೊಪ್ಪಿನ ಕೋಣೆಯಲ್ಲಿ ಇಳಿಸಬೇಕು, ಅಷ್ಟೇ.

ಒಳಗೆ ಹುಳುವಿನ ತಟ್ಟೆಗಳನ್ನು ಜೋಡಿಸಿದ ಎರಡು ಸ್ಟ್ಯಾಂಡ್. ಎಲ್ಲ ಹುಳುವೂ ಸಾಯುತ್ತಿದೆ ಎಂದು ಅಮ್ಮ ಹೇಳಿದ್ದರು. ಅದು ಸರಿಯಲ್ಲ. ಬಾಗಿಲ ಕಡೆಯ ಸ್ಟ್ಯಾಂಡಿನಲ್ಲಿ ಅರ್ಧಕ್ಕೂ ಹೆಚ್ಚು ನೆಲಕಚ್ಚಿತ್ತು. ಗೋಡೆ ಕಡೆಯದರಲ್ಲಿ ಹುಳು ಚರಚರನೆ ಮೇಯುತ್ತಿತ್ತು. ಸತ್ತವುಗಳ ಮೈ ಕುಗ್ಗಿತ್ತು. ಸಾಯುತ್ತಿರುವವು ತಲೆಯನ್ನು ಅತ್ತಿತ್ತ ಒದರುತ್ತಿದ್ದವು. ಬಾಯಿಯ ಬಳಿ ಹಸಿರು ನೀರು. ನಾನು ಗಾಬರಿಯಲ್ಲಿ ಹಿರಿಯ ತಾಂತ್ರಿಕರಿಗೆ ಫೋನು ಮಾಡಿ, "ಸರ್, ಸಪ್ಪೆ ರೋಗ ಅನ್ಸುತ್ತೆ," ಎಂದೆ.

"ನಾಮಕರಣಕ್ಕೆ ಅವಸರ ಇಲ್ಲಮ್ಮ," ಎಂದರು ಅವರು. "ಹುಳ ವಾಸನೆ ಬರ್ತಾ ಇದ್ಯಾ? ಮೈ ಕಪ್ಪಾಗಿದ್ಯಾ?"

"ಇಲ್ಲ ಸರ್."

"ಕಾಲು ಚಿವುಟಿದ್ರೆ ಹಾಲಿನ ಥರ ಬರುತ್ತಾ?"

"ಇಲ್ಲ ಸರ್. ವಾಂತಿ ಹಸಿರು."

"ಹಾಗಿದ್ರೆ ರೋಗ ಅಲ್ಲ, ವಿಷ. ಎಲ್ಲಿಂದ ಬಂತು ಅಂತ ನೋಡು. ಹತ್ತು ಹುಳ ಡಬ್ಬೀಲಿ ಹಾಕ್ಕೊಂಡು ಬಾ, ಸೂಕ್ಷ್ಮದರ್ಶಕದಲ್ಲೂ ನೋಡ್ಬಿಡೋಣ."

ವಿಷ ಎಂದ ತಕ್ಷಣ ನನ್ನ ಕಣ್ಣು ಬದುವಿನಾಚೆಯ ಮಾವಿನ ತೋಪಿನ ಮೇಲೆ ಬಿತ್ತು. ಹೂವಿನ ಕಾಲ. ಜಿಗಿಹುಳುವಿಗೆ ಎಲ್ಲರೂ ಟ್ರ್ಯಾಕ್ಟರ್ ಪಂಪಿನಲ್ಲಿ ಔಷಧಿ ಹೊಡೆಯುವ ಸಮಯ. ತೋಪಿನ ಯಜಮಾನರು ದೂರದ ಸಂಬಂಧದಲ್ಲಿ ನಮಗೆ ಮಾವ. ನಾನು ನೇರವಾಗಿ ಹೋಗಿ, ನಿಮ್ಮ ಔಷಧಿ ಗಾಳಿಗೆ ತೂರಿ ನಮ್ಮ ಸೊಪ್ಪಿನ ಮೇಲೆ ಕೂತಿದೆ ಎಂದುಬಿಟ್ಟೆ. ಕೇಳುವುದಕ್ಕೂ ಹೇಳುವುದಕ್ಕೂ ಇರುವ ವ್ಯತ್ಯಾಸ ಆಗ ನನಗೆ ನೆನಪಾಗಲಿಲ್ಲ.

ಅವರು ಬೀಡಿ ಆರಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಏನಮ್ಮ ಬಿಎಸ್ಸಿ, ಕೇಸು ಬರ್ಕೊಂಡೇ ಬಂದ್ಯಾ, ಇಲ್ಲಾ ಇಲ್ಲಿ ಬರೀತೀಯಾ? ನಿಮ್ಮಪ್ಪ ಬಾಯಿಬಿಟ್ಟು ಕೇಳಿದ ವರ್ಷದಿಂದ ಆ ಬದು ಪಕ್ಕದ ಎರಡು ಸಾಲಿಗೆ ನಾನು ಔಷಧಿ ಹೊಡ್ದಿಲ್ಲ. ಹೋಗಿ ನೋಡು, ಹೂವೆಲ್ಲ ಹೆಂಗ್ ಕರಿಕಟ್ಟಿದೆ ಅಂತ. ಓದಿದ್ ಜಾಸ್ತಿ ಆಯ್ತೋ, ಕಣ್ಣು ಕಮ್ಮಿ ಆಯ್ತೋ?"

ಹೋಗಿ ನೋಡಿದೆ. ಎರಡು ಸಾಲು ಮರಗಳ ಹೂವು ನಿಜವಾಗಿಯೂ ಕಪ್ಪುಗಟ್ಟಿ ಉದುರುತ್ತಿತ್ತು. ನಮಗಾಗಿ ಅವರು ವರ್ಷವರ್ಷವೂ ಆ ಎರಡು ಸಾಲಿನ ಫಸಲು ಬಿಟ್ಟುಕೊಟ್ಟಿದ್ದರು. ನನಗೆ ಗೊತ್ತೇ ಇರಲಿಲ್ಲ. ಆದರೂ ಒಳಗಿನ ಸಾಲುಗಳಿಂದ ಗಾಳಿ ತಂದಿರಬಹುದಲ್ಲ ಎಂದು ನನ್ನ ಮನಸ್ಸು ಹಟ ಹಿಡಿಯಿತು. ಸಂಜೆ ಕೇಂದ್ರದಲ್ಲಿ ಹುಳುಗಳನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಮೊಟ್ಟೆಯಿಂದಲೇ ಬರುವ ಗಂಟುರೋಗದ ಕಣ ಒಂದೂ ಇರಲಿಲ್ಲ. ಚಾಕಿ ನಿರ್ದೋಷಿ. ವರದಿಗೆ ಅಷ್ಟು ಸಾಕಾಗಿತ್ತು.

ನನಗೆ ಸಾಕಾಗಲಿಲ್ಲ. ಏಕೆಂದರೆ ಹೊರಡುವಾಗ ಅಮ್ಮ ಹೇಳಿದ ಮಾತು ಕಿವಿಯಲ್ಲಿತ್ತು. ಭಾನುವಾರ ಮಧ್ಯಾಹ್ನದ ಬಸ್ಸಿಗೆ ಅತ್ತಿಗೆಯ ಅಣ್ಣ ಬರುತ್ತಾರೆ, ಕರೆದೊಯ್ಯುತ್ತಾರೆ. ಇನ್ನು ಮುಂದೆ ಮನೆಗೆ ಹುಳು ಬಂದ ದಿನದಿಂದ ಗೂಡು ಮಾರುಕಟ್ಟೆಗೆ ಹೋಗುವ ದಿನದವರೆಗೆ ಅತ್ತಿಗೆ ತೌರಿನಲ್ಲಿರಬೇಕು. "ಜಗಳ ಇಲ್ಲ, ಏನಿಲ್ಲ. ಹುಳ ಇಲ್ದಾಗ ಬಂದು ಇರ್ಲಿ," ಎಂದರು ಅಮ್ಮ. ರೇಷ್ಮೆ ಮನೆಯಲ್ಲಿ ಹುಳು ಇಲ್ಲದ ದಿನಗಳು ಎಷ್ಟು? ಒಂದು ಬೆಳೆ ಇಳಿದರೆ ಮನೆ ತೊಳೆದು ಇನ್ನೊಂದು ಬೆಳೆ. ಹೆಚ್ಚುಕಡಿಮೆ ವರ್ಷವೆಲ್ಲ ಅವರು ಹೊರಗೇ. ಅಣ್ಣ ಫೋನಿನಲ್ಲಿ "ಅಮ್ಮ ಹೇಳಿದ್ಮೇಲೆ ನಾನೇನ್ ಮಾಡ್ಲಿ" ಎಂದನು. ಅತ್ತಿಗೆ ಸೀರೆ ಮಡಿಸುತ್ತಿದ್ದುದನ್ನು ನಾನು ನೋಡಿದ್ದೆ.

ಶನಿವಾರ ರಜೆ ಹಾಕಿ ಮತ್ತೆ ಊರಿಗೆ ಹೋದೆ. ಜೊತೆಗೆ ಕ್ಯಾಲನೂರಿನ ಸಹೋದ್ಯೋಗಿಯೊಬ್ಬರ ತೋಟದ ಸೊಪ್ಪನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದೆ. ನನ್ನ ಯೋಜನೆ ಸರಳವಾಗಿತ್ತು. ಗೋಡೆ ಕಡೆಯ ಸ್ಟ್ಯಾಂಡಿನಿಂದ ಗಟ್ಟಿಮುಟ್ಟಾದ ಹುಳು ಆರಿಸಿ, ಮೊರಕ್ಕೆ ಇಪ್ಪತ್ತರಂತೆ ಬಿಡುವುದು. ಒಂದು ಮೊರಕ್ಕೆ ಮಾವಿನ ತೋಪಿನ ಬದುವಿನ ಸೊಪ್ಪು, ಇನ್ನೊಂದಕ್ಕೆ ತೋಟದ ನಡುವಿನದು, ಮೂರನೆಯದಕ್ಕೆ ಕ್ಯಾಲನೂರಿನದು. ಯಾವ ಮೊರದ ಹುಳು ಸಾಯುತ್ತದೋ ಆ ಸೊಪ್ಪಿನಲ್ಲಿ ವಿಷ.

ಜಗಲಿಯ ಮೇಲೆ ಮೊರ ಜೋಡಿಸುವಾಗ ಅತ್ತಿಗೆ ಬಂದು ನಿಂತರು. ಹೂಳಲು ಹೊರಗೆ ತೆಗೆದಿಟ್ಟಿದ್ದ ಹುಳುಗಳಲ್ಲಿ ತಲೆ ಒದರುವ ಒಂದನ್ನು ನೋಡಿ ತಮ್ಮಷ್ಟಕ್ಕೆ "ಪಾಪಂ" ಎಂದರು. ಆಮೇಲೆ ಮೆಲ್ಲಗೆ, "ಅಮ್ಮಣ್ಣಿ, ಎಡೆ ಇಡ್ತಾ ಇದೀರಾ?" ಎಂದು ಕೇಳಿದರು.

ನನಗೆ ಅರ್ಥವಾಗಲಿಲ್ಲ.

"ನಮ್ ತೌರಲ್ಲಿ ಹೊಸ ತೋಟದ ಸೊಪ್ಪು ತಂದ್ರೆ ಮೊದ್ಲು ಹತ್ತು ಹುಳಕ್ಕೆ ಎಡೆ. ಅವು ತಿಂದು ಚೆನ್ನಾಗಿದ್ರೆ ಆಮೇಲೆ ಮಿಕ್ಕಿದ್ದಕ್ಕೆ. ಅಜ್ಜಿ ಮಾಡ್ಸೋರು, ದೇವ್ರ ಎಡೆ ಥರಾನೇ." ಮೊರಗಳತ್ತ ಬಗ್ಗಿ ನೋಡಿ, "ಒಂದ್ ಮಾತು ಕೇಳ್ಲಾ? ಕೋಣೆ ಸೊಪ್ಪು ಯಾಕೆ ಬಿಟ್ರಿ?" ಎಂದರು.

"ಅದೂ ತೋಟದ್ದೇ ಅಲ್ವಾ ಅತ್ತಿಗೆ?"

"ತೋಟದ್ದೇ. ಆದ್ರೆ ಹುಳ ತಿನ್ನೋದು ತೋಟದಲ್ಲಿರೋ ಸೊಪ್ಪಲ್ಲ, ಕೋಣೇಲಿರೋ ಸೊಪ್ಪು."

ಎರಡು ವರ್ಷ ತರಬೇತಿ ಪಡೆದ ನನಗೆ ಹೊಳೆಯದ ಮಾತು ಅದು. ನಾನು ನಾಲ್ಕನೆಯ ಮೊರ ತಂದೆ. ಅವರು ಕೋಣೆಯ ಬಾಗಿಲ ಪಕ್ಕದ ರಾಶಿಯಿಂದ ಒಂದು ಹಿಡಿ ಸೊಪ್ಪು ತಂದು ಹಾಕಿದರು.

ಹೊತ್ತು ಏರುವುದರೊಳಗೆ ಫಲಿತಾಂಶ ಕಣ್ಣಮುಂದಿತ್ತು. ಬದುವಿನ ಸೊಪ್ಪಿನ ಹುಳುಗಳು ಸೊಂಪಾಗಿದ್ದವು. ತೋಟದ ನಡುವಿನದೂ ಹಾಗೇ, ಕ್ಯಾಲನೂರಿನದೂ ಹಾಗೇ. ನಾಲ್ಕನೆಯ ಮೊರದಲ್ಲಿ ಮಾತ್ರ ಇಪ್ಪತ್ತರಲ್ಲಿ ಹದಿನೇಳು ಹುಳು ತಲೆ ಒದರುತ್ತ ಹಸಿರು ಕಾರುತ್ತಿದ್ದವು. ಮಾವಿನ ತೋಪಿನ ಮಾವನ ಮೇಲೆ ನಾನು ಹೊರಿಸಿದ್ದು ಸುಳ್ಳಾಯಿತು. ನಾಚಿಕೆಯ ಜೊತೆಗೆ ಒಂದು ಬಗೆಯ ಸಮಾಧಾನವೂ ಆಯಿತು. ಹುಡುಕುವ ಜಾಗ ಕಿರಿದಾಯಿತಲ್ಲ ಎಂದು. ಆದರೆ ಅಮ್ಮ ಬಂದು ನೋಡಿ ಬೇರೆಯೇ ಲೆಕ್ಕ ಹಾಕಿದರು.

"ಸೊಪ್ಪಿನ ಕೋಣೆಗೆ ಹೋಗೋರು ಯಾರು? ನಾನಾ, ನಿಮ್ಮಪ್ಪಾನಾ?"

ನನ್ನ ಪ್ರಯೋಗ ಅತ್ತಿಗೆಯನ್ನು ಉಳಿಸುವ ಬದಲು ಅವರ ಕೈಯನ್ನೇ ತೋರಿಸಿತ್ತು. ಕೋಣೆಗೆ ಸೊಪ್ಪು ಹೊರುತ್ತಿದ್ದವರು ಅವರೊಬ್ಬರೇ. ಅತ್ತಿಗೆ ಒಳಗೆ ಹೋದರು. ಪೆಟ್ಟಿಗೆಯ ಮುಚ್ಚಳ ಬಿದ್ದ ಸದ್ದು ಕೇಳಿಸಿತು.

ಅಂದು ಮಧ್ಯಾಹ್ನ ನಾನು ಆ ಕೋಣೆಯಲ್ಲಿ ಬಹಳ ಹೊತ್ತು ಕೂತಿದ್ದೆ. ಎರಡು ರಾಶಿಗಳಿದ್ದವು. ಬಾಗಿಲ ಪಕ್ಕದ ರಾಶಿ ಬಾಗಿಲ ಕಡೆಯ ಸ್ಟ್ಯಾಂಡಿಗೆ, ಒಳಗಿನದು ಗೋಡೆ ಕಡೆಯ ಸ್ಟ್ಯಾಂಡಿಗೆ. ಎರಡೂ ಒಂದೇ ತೋಟದ್ದು, ಎರಡನ್ನೂ ಹೊತ್ತವರು ಅತ್ತಿಗೆಯೇ. ಕೈಯದೇ ದೋಷವಾದರೆ ಎರಡೂ ಕಡೆ ಸಾಯಬೇಕಿತ್ತು. ಹಾಗಿದ್ದರೆ ಬೇರೆಯಾದದ್ದು ಏನು? ಸೊಪ್ಪು ಬಾಡದಂತೆ ಒಳಗಿನ ರಾಶಿಗೆ ಅಮ್ಮನ ಹಳೆಯ ನೂಲು ಸೀರೆಯನ್ನು ಒದ್ದೆ ಮಾಡಿ ಹೊದಿಸಿದ್ದರು. ಬಾಗಿಲ ಪಕ್ಕದ್ದಕ್ಕೆ ಒದ್ದೆ ಗೋಣಿ ತಾಟು. ನಾಲ್ಕನೇ ಜ್ವರ ಎದ್ದು ಹುಳುವಿನ ಹಸಿವು ಹೆಚ್ಚಿದ ಮೇಲಷ್ಟೇ ಆ ಎರಡನೇ ರಾಶಿ, ಆ ಗೋಣಿ ಬೇಕಾಗುತ್ತಿದ್ದದ್ದು.

ಇದನ್ನು ಬಾಯಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲವೆಂದು ನನಗೆ ಗೊತ್ತಿತ್ತು. ಗೋಣಿ ಹೊದಿಸುವುದು ನಮ್ಮಲ್ಲಿ ಮೊದಲಿಂದ ಇದ್ದದ್ದೇ. ನಾನು ಅಮ್ಮನ ಹತ್ತಿರ ಹೋಗಿ ಕೇಳಿಕೊಂಡೆ. "ನಾಳೆ ಇನ್ನೊಂದು ಸಲ ಮೊರ ಇಡೋಣ. ಈ ಸಲ ಸೊಪ್ಪು ಕೊಯ್ಯೋದು, ಹೊರೋದು, ಹೊದಿಸೋದು ಎಲ್ಲ ನೀನೇ. ಯಾರೂ ಮುಟ್ಟೋದು ಬೇಡ, ನಾನೂ ಮುಟ್ಟಲ್ಲ."

ಅಮ್ಮ ಒಪ್ಪಿದರು. ಬಾಗಿಲ ಹಿಂದಿನಿಂದ ಅತ್ತಿಗೆಯ ದನಿ ಬಂತು.

"ಅತ್ತೆ, ನನಗೂ ಒಂದು ಮೊರ ಇಡಿ. ನನ್ನ ಕೈಯಲ್ಲೇ ಕೊಯ್ದ ಸೊಪ್ಪು, ನಾನೇ ಹಾಕ್ತೀನಿ. ಯಾವ ಬಟ್ಟೆನೂ ಹೊದಿಸೋದ್ ಬೇಡ. ಅವು ಸತ್ರೆ ನಾನೇ ನಮ್ಮಣ್ಣನ ಮುಂದೆ ಬಸ್ ಹತ್ತಿ ಕೂತ್ಕೋತೀನಿ."

ಅಮ್ಮ ನಾಲ್ಕನೆಯ ಮೊರವನ್ನೂ ತೊಳೆದು ಗೋಡೆಗೆ ಒರಗಿಸಿದರು.

ಭಾನುವಾರ ಬೆಳಗಾಗುತ್ತಲೇ ಅಮ್ಮ ಮಿಂದು ತೋಟಕ್ಕೆ ಹೋಗಿ ಸೊಪ್ಪು ತಂದರು. ಮೂರು ಪಾಲು ಮಾಡಿ ಒಂದನ್ನು ಹಾಗೇ ಬಿಟ್ಟು, ಒಂದಕ್ಕೆ ಒದ್ದೆ ಸೀರೆ, ಒಂದಕ್ಕೆ ಒದ್ದೆ ಗೋಣಿ ಹೊದಿಸಿದರು. ಎರಡು ಗಂಟೆ ಕಾದು ಮೊರಗಳಿಗೆ ಹಾಕಿದರು. ನಾಲ್ಕನೆಯ ಮೊರಕ್ಕೆ ಅತ್ತಿಗೆ ತಾವೇ ಕೊಯ್ದು ತಂದ ಸೊಪ್ಪು ಹಾಕಿ ದೂರ ಹೋಗಿ ಕಂಬಕ್ಕೆ ಒರಗಿ ಕೂತರು. ಅಪ್ಪ ಹಸುಗಳಿಗೆ ನೀರು ತೋರಿಸಿ ಬಂದು ಸೇರಿಕೊಂಡರು. ಯಾವ ಮೊರ ಯಾವುದೆಂದು ಮರೆಯಬಾರದೆಂದು ನಾನು ಸುಣ್ಣದಲ್ಲಿ ಗುರುತು ಹಾಕಿದ್ದೆ. ಅರ್ಧ ಗಂಟೆಗೊಮ್ಮೆ ಎಣಿಸಿ ಬರೆದುಕೊಂಡೆ. ನಾಲ್ಕನೆಯ ಮೊರದಲ್ಲಿ ಒಂದೇ ಒಂದು ಹುಳು ತನ್ನ ಪಾಡಿಗೆ ತಾನು ಮಂಕಾಗಿ ಕೂತಿದ್ದರೂ ಏನಾಗುತ್ತಿತ್ತೆಂದು ಈಗಲೂ ಯೋಚಿಸುತ್ತೇನೆ.

ಹತ್ತೂವರೆಗೆ ಮೂರನೆಯ ಮೊರದಲ್ಲಿ ಮೊದಲ ಹುಳು ತಲೆ ಒದರಿತು. ಹನ್ನೊಂದೂವರೆಗೆ ಆ ಮೊರದ ಇಪ್ಪತ್ತೂ ಮೇವು ಬಿಟ್ಟಿದ್ದವು. ಅದು ಗೋಣಿಯ ಮೊರ. ಹೊದಿಸಿದ್ದು ಅಮ್ಮನ ಕೈ. ಮಿಕ್ಕ ಮೂರರಲ್ಲೂ ಹುಳು ಸೊಪ್ಪಿನ ನರ ಮಾತ್ರ ಉಳಿಸಿ ಮತ್ತೆ ಮೇವಿಗೆ ತಲೆಯೆತ್ತಿದ್ದವು. ಅಮ್ಮ ಮೂರನೆಯ ಮೊರದ ಮುಂದೆ ಕುಕ್ಕರುಗಾಲಲ್ಲಿ ಕೂತರು. ಆಮೇಲೆ ನಾಲ್ಕನೆಯ ಮೊರದ ಕಡೆಗೆ ಸರಿದು, ಅಲ್ಲಿಯ ಹುಳುಗಳನ್ನು ಒಂದೊಂದಾಗಿ ನೋಡಿದರು.

"ಈ ಗೋಣಿ ಎಲ್ಲೀದು?" ಎಂದರು ಅಮ್ಮ.

"ಮನೇದೇ ಕಣೇ," ಎಂದರು ಅಪ್ಪ. "ತೊಳ್ದಿದ್ನಲ್ಲ. ಮೂರು ಸಲ ತೊಟ್ಟೀಲಿ ಜಾಲಿಸಿ ಒಣಗ್ಸಿದ್ದೆ."

"ಯಾಕೆ ತೊಳ್ದಿದ್ದು?"

"ಹಸು ಮೈಗೆ ಉಣ್ಣೆ ಔಷಧಿ ಹಚ್ಚಿದ್ ಗೋಣಿ ಅಲ್ವಾ ಅದು, ಅದ್ಕೇ..." ಅಪ್ಪನ ಮಾತು ಅಲ್ಲೇ ನಿಂತಿತು.

ಹಸುಗಳ ಮೈಮೇಲೆ ರಕ್ತ ಹೀರುವ ಉಣ್ಣೆ ಹತ್ತಿದೆಯೆಂದು ಅಪ್ಪ ಹೇಳಿದಾಗ, ಅಣ್ಣನ ಮದುವೆಯಾದ ವಾರದಲ್ಲೇ, ಕೋಲಾರದಿಂದ ಆ ಔಷಧಿಯ ಬಾಟಲಿ ತಂದುಕೊಟ್ಟವಳು ನಾನು. "ಬಕೆಟ್ ನೀರಿಗೆ ಒಂದು ಮುಚ್ಚಳ ಹಾಕಿ, ಹಳೇ ಗೋಣಿ ತುಂಡಿಗೆ ಅದ್ದಿ ಉಜ್ಜಿ" ಎಂದು ಹೇಳಿಕೊಟ್ಟವಳೂ ನಾನೇ. ಆಮೇಲೆ ಗೋಣಿಯನ್ನು ಏನು ಮಾಡಬೇಕೆಂದು ಹೇಳಲಿಲ್ಲ. ಅಪ್ಪ ವಸ್ತು ಎಸೆಯುವವರಲ್ಲ. ತೊಳೆದು, ಒಣಗಿಸಿ, ಇದ್ದ ಜಾಗಕ್ಕೆ ಇಟ್ಟರು. ಅತ್ತಿಗೆ ಕೈಗೆ ಸಿಕ್ಕಿದ ಗೋಣಿಯನ್ನು ಹೊದಿಸಿದರು. ಉಣ್ಣೆಯನ್ನು ಕೊಲ್ಲುವ ಔಷಧಿಗೆ ರೇಷ್ಮೆಹುಳು ಬೇರೆಯೆಂದು ಗೊತ್ತಿಲ್ಲ.

ಅಲ್ಲಿಗೆ ಸುಮ್ಮನಿರಬಹುದಿತ್ತು. ಗೋಣಿಯಲ್ಲಿ ವಿಷವಿತ್ತು ಎಂದು ಎಲ್ಲರಿಗೂ ಗೊತ್ತಾಗಿತ್ತು. ಅಪ್ಪನ ಮರೆವೆಂದು ಮಾತು ಮುಗಿಯುತ್ತಿತ್ತು. ಅಪ್ಪ ತಲೆ ತಗ್ಗಿಸಿ ನಿಂತಿದ್ದರು. ನಾನು ಕೊಟ್ಟಿಗೆಗೆ ಹೋಗಿ ಗೋಡೆಯ ಗೂಡಿನಲ್ಲಿದ್ದ ಬಾಟಲಿ ತಂದೆ. ಅದರ ಮೇಲೆ ಇಂಗ್ಲಿಷಿನಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದಿದ್ದನ್ನು ಎಲ್ಲರ ಮುಂದೆ ಒಂದೊಂದು ಸಾಲಾಗಿ ಕನ್ನಡದಲ್ಲಿ ಹೇಳಿದೆ. ಕೀಟಗಳಿಗೆ ತೀವ್ರ ವಿಷ. ಬಳಸಿದ ಬಟ್ಟೆಯನ್ನು ಬೇರೆ ಕೆಲಸಕ್ಕೆ ಬಳಸಬಾರದು. ಮನೆಯಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ, ನಾನು ಓದಿರಲಿಲ್ಲ. "ಎರಡು ಬೆಳೆ ಕೆಟ್ಟಿದ್ದು ನನ್ನಿಂದ, ಅಪ್ಪನಿಂದಲ್ಲ, ಅತ್ತಿಗೆಯಿಂದಂತೂ ಅಲ್ಲವೇ ಅಲ್ಲ," ಎಂದು ಹೇಳಿದೆ. ಹೇಳುತ್ತಲೇ ಅಳು ಬಂತು.

ಮೊದಲು ಮಾತಾಡಿದವರು ಅತ್ತಿಗೆ. "ಅಳೋದ್ ಆಮೇಲೆ ಅಮ್ಮಣ್ಣಿ. ಗೋಡೆ ಕಡೆ ಹುಳಕ್ಕೆ ಸೊಪ್ಪಿನ ಹೊತ್ತಾಯ್ತು."

ಅಮ್ಮ ಎದ್ದು, ಹುಳುಮನೆಯ ಮುಂದಿನ ಬ್ಲೀಚಿಂಗ್ ನೀರಿನ ತೊಟ್ಟಿಯನ್ನು ಕಾಲಿನಿಂದ ಅತ್ತಿಗೆಯ ಕಡೆ ನೂಕಿದರು. "ಕಾಲು ಅದ್ಕೊಂಡು ಬಾ. ನನ್ನೊಬ್ಬಳ ಕೈಲಿ ಆಗಲ್ಲ," ಎಂದರು. ಅಮ್ಮನಿಗೆ ತಪ್ಪಾಯಿತು ಎನ್ನಲು ಬರುವುದಿಲ್ಲ. ಅತ್ತಿಗೆ ಅದನ್ನು ಕೇಳಲೂ ಇಲ್ಲ.

ಮಧ್ಯಾಹ್ನದ ಬಸ್ಸಿಗೆ ಅತ್ತಿಗೆಯ ಅಣ್ಣ ಬಂದರು. ತಂಗಿಯ ಕೈಯೆಲ್ಲ ಸುಣ್ಣ, ಸತ್ತ ಹುಳುಗಳನ್ನು ಗುಂಡಿಗೆ ಹಾಕಿ ಮುಚ್ಚುವ ಕೆಲಸ ನಡೆದಿತ್ತು. ಅಮ್ಮನೇ, "ಹುಳ ಮನೇಲಿದೆ, ಈಗ ಕಳ್ಸಕ್ಕಾಗಲ್ಲಪ್ಪ. ಊಟ ಮಾಡ್ಕೊಂಡು ಹೋಗು," ಎಂದರು. ಅವರು ಮುದ್ದೆ, ಅವರೆಕಾಳಿನ ಸಾರು ಉಂಡು, ನಗುತ್ತ ಒಬ್ಬರೇ ಹೋದರು.

ಸಂಜೆ ಮಾವಿನ ತೋಪಿಗೆ ಹೋಗಿ ಮಾವನ ಕ್ಷಮೆ ಕೇಳಿದೆ. "ಹೋಗ್ಲಿ ಬಿಡಮ್ಮ," ಎಂದರು, "ಆ ಮೊರದ್ ವಿದ್ಯೆ ನನಗೂ ಹೇಳ್ಕೊಡು. ನಮ್ ಆಳುಗಳು ಏನ್ ಹೊಡೀತಾರೋ ನನಗೂ ಗೊತ್ತಾಗ್ಬೇಕು." ಸೋಮವಾರ ಕೇಂದ್ರದ ವರದಿಯಲ್ಲಿ ಕಾರಣದ ಜಾಗದಲ್ಲಿ ಔಷಧಿ ತಂದವರು ಯಾರು, ತಿಳಿಸದೆ ಬಿಟ್ಟದ್ದೇನು ಎಂದು ಬರೆದೆ. ಹಿರಿಯ ತಾಂತ್ರಿಕರು ಓದಿ ಸಹಿ ಹಾಕಿ, "ಇನ್ಮೇಲೆ ಹೋದ ಮನೇಲೆಲ್ಲ ಹಸು ಇದೆಯಾ ಅಂತ ಮೊದಲು ಕೇಳು," ಎಂದರು. ಬೈಯಲಿಲ್ಲ.

ಆಮೇಲೆ ಮುಳಬಾಗಿಲ ಕಡೆ ಹೋದಾಗ ಅತ್ತಿಗೆಯ ಅಜ್ಜಿಯನ್ನು ಕೇಳಿದೆ, ಈ ಎಡೆ ಇಡುವ ಪದ್ಧತಿ ಎಲ್ಲಿಂದ ಬಂತೆಂದು. ಅಜ್ಜಿ ತಮ್ಮ ಅತ್ತೆಯ ಹೆಸರು ಹೇಳಿದರು. ಸ್ವಲ್ಪ ಯೋಚಿಸಿ, ಅಲ್ಲ, ಸೈಕಲ್ ಮೇಲೆ ಒಬ್ಬ ಆಫೀಸರು ಬರುತ್ತಿದ್ದ, ಅವನು ಅತ್ತೆಗೆ ಹೇಳಿಕೊಟ್ಟದ್ದಿರಬೇಕು ಎಂದರು. ಹೆಸರು ನೆನಪಿಲ್ಲ. ಆ ಮನುಷ್ಯ ಯಾವುದೋ ಪ್ರಯೋಗಾಲಯದಲ್ಲಿ ಕಲಿತದ್ದನ್ನು ಒಂದು ಜಗಲಿಯ ಮೇಲೆ ಬಿಟ್ಟುಹೋಗಿದ್ದಾನೆ. ಅದು ದೇವರ ಎಡೆಯಾಗಿ, ಸೊಸೆಯಿಂದ ಮೊಮ್ಮಗಳಿಗೆ ಇಳಿದು, ಒಂದು ಮದುವೆಯ ಜೊತೆ ನಮ್ಮ ಮನೆಗೆ ಬಂತು. ನನ್ನ ಪದವಿಗೆ ಎಷ್ಟು ಋಣಿಯೋ ಆ ಹೆಸರಿಲ್ಲದ ಮನುಷ್ಯನಿಗೂ, ಅವನ ಮಾತನ್ನು ಮರೆಯದೆ ಉಳಿಸಿದ ಹೆಂಗಸರಿಗೂ ನಾನು ಅಷ್ಟೇ ಋಣಿ.

ಆ ಸಲ ಗೋಡೆ ಕಡೆಯ ಸ್ಟ್ಯಾಂಡಿನ ಹುಳು ಹಣ್ಣಾಗಿ ಗೂಡು ಕಟ್ಟಿತು. ಅರ್ಧ ಬೆಳೆ ಕೈಗೆ ಬಂತು. ಅದಾದ ಮೇಲಿನ ಬೆಳೆಗಳು ಪೂರ್ತಿ ಬಂದಿವೆ. ಹಸುವಿಗೆ ಔಷಧಿ ಹಚ್ಚಿದ ಬಟ್ಟೆಯನ್ನು ಅಪ್ಪ ಅದೇ ದಿನ ಹೂಳುತ್ತಾರೆ. ಯಾವ ಬಾಟಲಿ ಮನೆಗೆ ಬಂದರೂ ನಾನು ಓದಿ ಹೇಳುವವರೆಗೆ ಮುಚ್ಚಳ ತೆಗೆಯುವುದಿಲ್ಲ. ಅಣ್ಣ ಈಗ ಹುಳುವಿನ ವಿಷಯ ಅಮ್ಮನನ್ನಲ್ಲ, ಹೆಂಡತಿಯನ್ನು ಕೇಳುತ್ತಾನೆ. ಅತ್ತಿಗೆ ತೌರಿಗೆ ಹೋಗುವುದು ಹಬ್ಬಕ್ಕೆ ಮತ್ತು ಅವರಿಗೇ ಹೋಗಬೇಕೆನಿಸಿದಾಗ. ಚಾಕಿ ಹುಳುವಿನ ತಟ್ಟೆಗಳು ಮನೆಗೆ ಬಂದ ದಿನ ಅಮ್ಮ ಬಾಗಿಲಲ್ಲೇ ನಿಂತು ಸೊಸೆಯನ್ನು ಕೂಗುತ್ತಾರೆ. ಮೊದಲ ತಟ್ಟೆ ಹಿಡಿದು ಹುಳುಮನೆಯೊಳಗೆ ಕಾಲಿಡುವವರು ಅತ್ತಿಗೆ.